ನೆಲದೊಳಗೊಂದು ಕಬ್ಬಿಣದ ಗೋಡೆ

ಬೀದರ, ಹುಮನಾಬಾದಿನ ಕಡೆಯಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಬರುವ ನಮ್ಮವರು ಪಟಾನ್‌ಚೆರುವನ್ನು ಕಂಡೇ ಇರುತ್ತಾರೆ. 1970ರ ದಶಕದಿಂದೀಚೆಗೆ ಅಲ್ಲಿ ಎದ್ದ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಕೊಳಚೆಯು ನಕ್ಕವಾಗು ಎಂಬ ಹಳ್ಳವನ್ನು ಸೇರಿ, ಅಲ್ಲಿಂದ ನೆಲಕ್ಕಿಳಿದು ಸುತ್ತಣ ಊರುಗಳ ಬಾವಿಗಳನ್ನು ಕೆಡಿಸಿತು. 1990ರಲ್ಲಿ ಈ ಸಂಗತಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಹೊಳೆಯ ನೀರು ಕೆಟ್ಟರೆ ಒಂದು ಒಳ್ಳೆಯ ಮಳೆಗಾಲ ಅದನ್ನು ತೊಳೆದುಕೊಂಡು ಹೋದೀತು. ನೆಲದೊಳಗಿನ ನೀರು ಹಾಗಲ್ಲ. ಅದು ದಿನಕ್ಕೆ ಗೇಣು, ಮೊಳ ಎಂಬ ಲೆಕ್ಕದಲ್ಲಿ ಸರಿಯುವಂಥದು. ವಿಷ ಒಮ್ಮೆ ಹೊಕ್ಕಿತೆಂದರೆ, ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಬಾವಿ ಕೆಟ್ಟೇ ಇರುತ್ತದೆ. ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಒಂದು ಕಾರ್ಖಾನೆ ಬಿಟ್ಟುಹೋದ ಕ್ರೋಮಿಯಂ ರಾಡಿಯೇ ಸುಮಾರು ಒಂದೂವರೆ ಲಕ್ಷ ಟನ್ನು! ಕೆಟ್ಟ ನೀರನ್ನು ಪಂಪಿನಿಂದ ಮೇಲೆತ್ತಿ ಶುದ್ಧಿ ಮಾಡುವುದುಂಟು. ಆದರೆ ಪಂಪು ವರ್ಷಗಟ್ಟಲೆ ಓಡುತ್ತಲೇ ಇರಬೇಕು. ಕರೆಂಟಿನ ಬಿಲ್ಲು ಕಟ್ಟುವವರಾರು?

ಇದಕ್ಕೊಂದು ಉಪಾಯ ತೋರಿದ್ದು ಕೆನಡಾ ದೇಶದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ. 1980ರ ದಶಕದಲ್ಲಿ, ಬಾವಿಯ ನೀರಿನ ಮಾದರಿ ಹಿಡಿಯಲು ಯಾವ ಕೊಳವೆ ಒಳ್ಳೆಯದೆಂದು ಪರೀಕ್ಷಿಸುವಾಗ, ಲೋಹಕ್ಕೆ ತಗುಲಿದ ನೀರಿನಲ್ಲಿ ಜಿಡ್ಡು ತೊಳೆಯುವ ದ್ರಾವಕಗಳ ಅಂಶ ತಾನಾಗಿ ಇಳಿಯುವುದು ಕಂಡಿತು. ರಾಬರ್ಟ್ ಗಿಲ್‌ಹ್ಯಾಮ್ ಎಂಬ ಪ್ರಾಧ್ಯಾಪಕರು ಇದರ ಬೆನ್ನು ಹತ್ತಿದರು.

ಕಾರಣವಿಷ್ಟೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೆಂದರೆ ಅದು ತನ್ನ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು. ನೀರಿನಲ್ಲಿರುವ ವಿಷವು ಅವನ್ನು ಪಡೆದರೆ ಅದರ ಗುಣವೇ ಬೇರೆಯಾಗುತ್ತದೆ. ಗಿಲೀಟು ಅಂಗಡಿಗಳ ಹಳದಿ ಕ್ರೋಮಿಯಂ ನೀರಿನಲ್ಲಿ ಕರಗಿ ಹರಿದಾಡುವಂಥದು, ಬಲು ಕೇಡಿನದು. ಕಬ್ಬಿಣದ ಸಂಗದಿಂದ ಅದು ಕರಗದ ರೂಪ ತಾಳಿ ತುಕ್ಕಿನೊಡನೆ ಅಲ್ಲಿಯೇ ಕೂತುಬಿಡುತ್ತದೆ. ದ್ರಾವಕಗಳಾದರೋ ತಮ್ಮ ಕ್ಲೋರಿನ್ನನ್ನು ಕಳಚಿಕೊಳ್ಳುತ್ತವೆ.

ಆದ್ದರಿಂದ ನೀರು ಸರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ, ಕಬ್ಬಿಣದ ಹರಳನ್ನು ತುಂಬಿ, ಮೇಲೆ ಮಣ್ಣು ಮುಚ್ಚುತ್ತಾರೆ. (ನಮ್ಮ ಮಿಲ್ಲಿನ ಲೇತಿನ ಕೆಳಗೆ ಉದುರುವ ಚೂರಿನಂಥದೇ, ಎಣ್ಣೆಯ ಜಿಡ್ಡು ಮಾತ್ರ ಇರಬಾರದು.) ಗೋಡೆಯೆಂದರೂ ಇದು ನೀರನ್ನು ತಡೆಯುವುದಿಲ್ಲ, ಸೋಸಿ ಬಿಡುತ್ತದೆ. ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ, ಗಿಲೀಟು ಶಾಲೆಯೊಂದರಿಂದ ಕೆಟ್ಟ ನೀರಿಗೆ ಅಡ್ಡವಾಗಿ 1996ರಲ್ಲಿ 46 ಮೀಟರ್ ಉದ್ದ, ಸುಮಾರು 7 ಮೀಟರ್ ಆಳ, ಬರಿಯ 60 ಸೆಂಟಿಮೀಟರ್ ದಪ್ಪದ ಗೋಡೆ ಹಾಕಿದರು. ಎಂಟು ವರ್ಷದ ಬಳಿಕ ಪರೀಕ್ಷಿಸಿದಾಗಲೂ ಅದು ಕ್ರೋಮಿಯಮ್ಮನ್ನು ಹಿಡಿಯುತ್ತಲೇ ಇತ್ತು. ಪಂಪಿಲ್ಲ, ಕಾವಲುಗಾರನಿಲ್ಲ.

ಹಾಗಾದರೆ ಮನೆಯ ಕೊಡದಲ್ಲಿ ನಾಲ್ಕು ಮೊಳೆ ಹಾಕಿದರೆ ಸಾಲದೇ ಎಂದು ವಾಚನಾಲಯದ ಗೆಳೆಯರೊಬ್ಬರು ಕೇಳಿದರು. ಸಾಲದು. ಹರಳುಗಳ ಸಂದಿನಲ್ಲಿ ನೀರು ಗಾಳಿ ಸೋಕದೆ ಬಹಳ ಹೊತ್ತು ನಿಂತು ಸಾಗಬೇಕು. ಕುದಿಸುವುದಂತೂ ಕ್ರೋಮಿಯಂಗೆ ಮದ್ದೇ ಅಲ್ಲ. ನೀರು ಆರಿದಷ್ಟೂ ವಿಷ ಗಟ್ಟಿಯಾಗುತ್ತದೆ. ಬೋರಿನ ನೀರಿನ ಬಣ್ಣ, ವಾಸನೆ ಬದಲಾದರೆ ಕುಡಿಯುವುದನ್ನು ಬಿಟ್ಟು ಪರೀಕ್ಷೆಗೆ ಕೊಡುವುದೇ ಸರಿ. ಹಾಗೆಂದು ತಿಳಿಯಾಗಿರುವ ನೀರೆಲ್ಲ ಒಳ್ಳೆಯದೆಂದಲ್ಲ. ನಲಗೊಂಡದ ಕಡೆ ಮೂಳೆ ಸೊಟ್ಟಗಾಗಿಸುವ ಫ್ಲೋರೈಡು ಕಣ್ಣಿಗೂ ಕಾಣದು, ಈ ಕಬ್ಬಿಣಕ್ಕೂ ಬಗ್ಗದು.

ನಮ್ಮ ಸೀಮೆಯಲ್ಲಿ ಇನ್ನೆರಡು ತೊಡಕುಗಳುಂಟು. ಗಡಸು ನೀರಿನ ಸುಣ್ಣವು ಹರಳುಗಳ ಸಂದಿನಲ್ಲಿ ಕಟ್ಟಿಕೊಂಡು ಗೋಡೆಯನ್ನು ಮುಚ್ಚಿಹಾಕೀತು. ಎರಡನೆಯದಾಗಿ, ಹೈದರಾಬಾದಿನ ನೆಲ ಕರಿಗಲ್ಲು, ಕೆಂಗಲ್ಲಿನ ಬಂಡೆ; ಆಳದ ನೀರು ಬಿರುಕುಗಳಲ್ಲಿ ಸಿಕ್ಕಾಪಟ್ಟೆ ಹರಿಯುತ್ತದೆ. ಅಲ್ಲಿ ಕಂದಕ ತೋಡುವುದೆಲ್ಲಿಗೆ? ಹಳ್ಳದ ದಂಡೆಯ ಮೆಕ್ಕಲಿನಲ್ಲಿ, ಬಂಡೆಯ ಮೇಲಣ ಮೊರಮಿನಲ್ಲಿ ಆದೀತು. ಹೀಗಾಗಿ ಗೋಡೆಗಿಂತ ಮೊದಲು ನೀರಿನ ದಾರಿಯನ್ನು ಹುಡುಕಬೇಕು. ನಮ್ಮ ದಿಲ್‌ಸುಖ್‌ನಗರಕ್ಕೆ ದೂರವಲ್ಲದ ಉಪ್ಪಲ್ ರಸ್ತೆಯ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಪಟಾನ್‌ಚೆರು, ರಾಣಿಪೇಟೆ ಎರಡು ಕಡೆಯೂ ಆ ಲೆಕ್ಕವನ್ನು ಹಾಕಿದ್ದಾರೆ.