ತಗ್ಗಿನಲ್ಲಿ ಬೆಳೆದ ಕಾಡು

ದೋಹಾದಿಂದ ಶಮಾಲ್ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಉಮ್ಮ್ ಸಲಾಲ್ ಮೊಹಮ್ಮದ್ ಸಿಗುತ್ತದೆ. ಹೊಸ ವಿಲ್ಲಾಗಳ ಸಾಲು ದಾಟಿದ ಮೇಲೆ ಬರ್ಜಾನ್ ಗೋಪುರಗಳು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿ, 1910ರಲ್ಲಿ ಶೇಖ್ ಮೊಹಮ್ಮದ್ ಬಿನ್ ಜಾಸಿಮ್ ಅಲ್ ಥಾನಿ ದುರಸ್ತಿ ಮಾಡಿಸಿದ, 16 ಮೀಟರ್ ಎತ್ತರದ ಕಾವಲು ಗೋಪುರಗಳಿವು. ಹವಳದ ಕಲ್ಲು, ಸುಣ್ಣಕಲ್ಲು, ಮೀಟರಿನಷ್ಟು ದಪ್ಪದ ಗೋಡೆ. ಇಲ್ಲಿಂದ ಮುತ್ತಿನ ದೋಣಿಗಳ ಮೇಲೆ ಕಣ್ಣಿಡುತ್ತಿದ್ದರು, ಚಂದ್ರದರ್ಶನಕ್ಕೂ ಇಲ್ಲಿಗೇ ಹತ್ತುತ್ತಿದ್ದರು. ಬುಡದಲ್ಲೇ ಇದ್ದ ಇನ್ನೊಂದು ಆಸ್ತಿಗೂ ಇವು ಕಾವಲಿದ್ದವು: ಮಳೆನೀರು ಹರಿದು ಬಂದು ನಿಲ್ಲುವ ತಗ್ಗುನೆಲ. ಇಲ್ಲಿನವರು ಅದಕ್ಕೆ ರೌದಾ ಎನ್ನುತ್ತಾರೆ. ಕತಾರಿನ ಒಳನಾಡಿನ ಕಾಡು ಬಹುಪಾಲು ಇರುವುದು ಇಂಥ ರೌದಾಗಳಲ್ಲಿ.

ಮಲೆನಾಡು ಕಂಡ ಕಣ್ಣಿಗೆ ಇದನ್ನು ಕಾಡೆಂದು ಒಪ್ಪಲು ಸ್ವಲ್ಪ ಹೊತ್ತು ಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಕತಾರಿಗೆ ವರ್ಷವಿಡೀ ಸೇರಿ 80 ಮಿ.ಮೀ. ಆಸುಪಾಸು, ಆಷಾಢದ ಒಂದು ಹಗಲಿನಲ್ಲಿ ಆಗುಂಬೆ ಅಷ್ಟನ್ನು ಕಂಡುಬಿಡುತ್ತದೆ. ನದಿಯಿಲ್ಲ, ಹಳ್ಳವಿಲ್ಲ. ಇರುವುದೆಲ್ಲ ಭೂಮಿಯ ಒಳಗಿನ ಕೆಲಸ. ಅಡಿಯ ಸುಣ್ಣಕಲ್ಲು, ಜಿಪ್ಸಮ್ ಯುಗಯುಗಗಳಿಂದ ನೀರಿಗೆ ಕರಗಿ, ಮೇಲಿನ ಪದರ ಕುಸಿದು ಈ ತಗ್ಗುಗಳಾದವು. ದೇಶದಲ್ಲಿ ಇಂಥವು ಸುಮಾರು 850. ಒಂದು ಜೋರು ಮಳೆ ಬಂದರೆ ಸುತ್ತಲಿನ ಕಲ್ಲುನೆಲ ಏನನ್ನೂ ಹಿಡಿದಿಡದೆ ನೀರನ್ನೆಲ್ಲ ತಗ್ಗಿಗೆ ಇಳಿಸುತ್ತದೆ. ನೀರಿನ ಜೊತೆ ನಯವಾದ ಮೆಕ್ಕಲು ಮಣ್ಣೂ ಬರುತ್ತದೆ. ನಾಲ್ಕಾರು ದಿನ ಅದು ಕೆರೆ. ಆಮೇಲೆ ನೀರು ಇಂಗಿ ಅಂತರ್ಜಲ ಸೇರುತ್ತದೆ, ಮಣ್ಣು ಉಳಿಯುತ್ತದೆ, ಮಣ್ಣಿನಲ್ಲಿ ಮರ ಹುಟ್ಟುತ್ತದೆ.

ಹೆಚ್ಚಾಗಿ ಕಾಣುವುದು ಸಮ್ರ್. ಜಾಲಿಯ ಬಳಗದ್ದು, ನೆತ್ತಿ ಚಪ್ಪಟೆ. ಕೊಂಬೆಯನ್ನು ಹತ್ತಿರದಿಂದ ನೋಡಬೇಕು: ಬೆರಳುದ್ದದ ನೆಟ್ಟಗಿನ ಬಿಳಿ ಮುಳ್ಳು ಒಂದು ಕಡೆ, ಕೊಕ್ಕೆಯಂತೆ ಬಾಗಿದ ಪುಟ್ಟ ಮುಳ್ಳು ಇನ್ನೊಂದು ಕಡೆ, ಎರಡೂ ಒಂದೇ ರೆಂಬೆಯಲ್ಲಿ. ನಡುವೆ ಅಕ್ಕಿಕಾಳಿಗಿಂತ ಚಿಕ್ಕ ಎಲೆಗಳು. ಕಾಯಿ ಸುರುಳಿ ಸುತ್ತಿಕೊಂಡು ಒಣಗಿ ಬುಡದಲ್ಲಿ ಉದುರಿರುತ್ತದೆ. ತಗ್ಗಿನ ಆಳದಲ್ಲಿ, ತೇವ ಹೆಚ್ಚು ನಿಲ್ಲುವ ಕಡೆ, ಸಿದ್ರ್ ಮರ. ನಮ್ಮ ಯಲಚಿಯ ಒಡಹುಟ್ಟು. ಚಳಿಗಾಲದಲ್ಲಿ ಗದಗಿನಿಂದ ಮಗನ ಮನೆಗೆ ಬಂದಿದ್ದ ತಾಯಿಯೊಬ್ಬರು ಅದರಡಿ ಕೂತು, ಬಿದ್ದಿದ್ದ ಹಣ್ಣೊಂದನ್ನು ಸೆರಗಿಗೆ ಒರೆಸಿ ಬಾಯಿಗಿಟ್ಟು, "ಏ ತಮ್ಮಾ, ಇದು ನಮ್ಮ ಬಾರಿಹಣ್ಣ ಅಲ್ಲೇನೋ?" ಎಂದರು. "ಹೌದವ್ವಾ, ಅದರ ಕುಲದ್ದ" ಎಂದ ಮಗ. ಸಂಕ್ರಾಂತಿ ಕಳೆದು ಕೆಲವೇ ದಿನಗಳಾಗಿದ್ದವು. ದಸರೆಗೆ ನಾವು ಪೂಜಿಸುವ ಬನ್ನಿಯೂ ಕತಾರಿನಲ್ಲಿದೆ, ಘಾಫ್ ಎಂದು ಕರೆಯುತ್ತಾರೆ, ಈಗ ಅಪರೂಪ. ನಮ್ಮ ಬಯಲುಸೀಮೆಯನ್ನು ಮುತ್ತಿರುವ ಬಳ್ಳಾರಿ ಜಾಲಿ ಮಾತ್ರ ಇಲ್ಲೂ ಬೇಡವೆಂದರೂ ಹಬ್ಬುತ್ತಿದೆ.

ಅಕ್ಟೋಬರ್ ನಡುವಿಗೆ ವಸ್ಮಿ ಹುಟ್ಟುತ್ತದೆ, 52 ದಿನಗಳ ಮಳೆಗಾಲ. ನಮ್ಮ ರೈತರು ನಕ್ಷತ್ರ ಎಣಿಸಿದಂತೆ ಇಲ್ಲಿನ ಹಿರಿಯರೂ ಇದನ್ನು ನಕ್ಷತ್ರ ನೋಡಿಯೇ ಲೆಕ್ಕ ಹಾಕಿದವರು. ವಸ್ಮಿ ಚೆನ್ನಾಗಿ ಬಿದ್ದ ವರ್ಷ ನೆಲಕ್ಕೆ ಹಸಿರು ಹತ್ತುತ್ತದೆ, ಚಂದ್ರಮುಕುಟ ಹಕ್ಕಿ ಮಣ್ಣು ಕುಕ್ಕುತ್ತದೆ, ರಕ್ರೂಕ್ ಎಂಬ ಕುಳ್ಳ ಗಿಡದ ಬೇರನ್ನು ಆಶ್ರಯಿಸಿ ಮಣ್ಣಿನೊಳಗೆ ಫಗ್ಗಾ ಬೆಳೆಯುತ್ತದೆ. ಅದು ನೆಲದಡಿಯ ಅಣಬೆ. ಬಲಿತಾಗ ಮೇಲಿನ ಮಣ್ಣು ಸಣ್ಣಗೆ ಉಬ್ಬಿ ಬಿರಿಯುತ್ತದೆ. ಬಗ್ಗಿ ನಡೆಯುವವರಿಗಷ್ಟೇ ಆ ಬಿರುಕು ಕಾಣುವುದು.

ಈ ನೆಲಕ್ಕೆ ದೊಡ್ಡ ವೈರಿ ಕೊಡಲಿಗಿಂತ ಕಾರಿನ ಚಕ್ರ. ಫೋರ್ ವೀಲರ್ ಒಮ್ಮೆ ಹಸಿ ರೌದಾದಲ್ಲಿ ಹಾದರೆ ಮೆಕ್ಕಲು ಒತ್ತಿಕೊಂಡು ಗಟ್ಟಿಯಾಗುತ್ತದೆ. ನೀರು ಇಂಗದು, ಬೀಜ ಮೊಳೆಯದು. ಆ ಗುರುತು ಎಷ್ಟೋ ಮಳೆಗಳು ಕಳೆದರೂ ಅಳಿಯುವುದಿಲ್ಲ. ಹಾಗಾಗಿಯೇ 1995ರ 32ನೇ ಕಾನೂನು ಸಸ್ಯಸಂಪತ್ತಿಗೆ ಹಾನಿ ಮಾಡುವುದನ್ನು ನಿಷೇಧಿಸಿತು. ಹಲವು ರೌದಾಗಳಿಗೆ ಸರ್ಕಾರ ಬೇಲಿ ಹಾಕಿದೆ, ಒಂಟೆ ಮೇಯಿಸುವುದಕ್ಕೂ ಕಡಿವಾಣವಿದೆ. ವಾಯವ್ಯದ ಅಲ್ ರೀಮ್ ಪ್ರದೇಶ 2007ರಲ್ಲಿ ಯುನೆಸ್ಕೊದ ಜೀವಗೋಳ ಮೀಸಲಾಯಿತು. ದೇಶದ ನೆಲದ ಸುಮಾರು ಹತ್ತನೇ ಒಂದು ಪಾಲು ಅದೊಂದೇ. ಅಂಥ ದೊಡ್ಡ ಮೀಸಲುಗಳು ಬೇಕು. ಆದರೆ ನನಗೆ ಹೆಚ್ಚು ಆತಂಕವಿರುವುದು ಉಮ್ಮ್ ಸಲಾಲಿನಂಥ ಊರಂಚಿನ ತಗ್ಗುಗಳ ಬಗ್ಗೆ. ದೂರದ ಮೀಸಲಿಗೆ ಹೆಸರಿದೆ, ನಕ್ಷೆಯಿದೆ. ಮನೆ, ರಸ್ತೆ, ಮಾಲ್‌ಗಳ ನಡುವೆ ಸಿಕ್ಕ ರೌದಾ ಗುಡಿಸಿ ಮಟ್ಟ ಮಾಡಲು ಬಲು ಸುಲಭ, ಒಂದು ಟಿಪ್ಪರ್ ಮಣ್ಣಿನಿಂದ ಶುರುವಾದರೆ ಸಾಕು. ಬರ್ಜಾನ್ ಕಟ್ಟಿದವರು ತಗ್ಗಿಗೆ ಗೋಪುರ ಎತ್ತಿ ಕಾವಲು ಕೂತರು. ಬದುಕು ನಿಂತಿರುವುದು ಎಲ್ಲಿ ಎಂಬುದು ಅವರಿಗೆ ಗೊತ್ತಿತ್ತು.

ಚಳಿಗಾಲ ಬಂದರೆ ಇಲ್ಲಿನ ಕನ್ನಡದ ಮನೆಗಳೂ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೊರಡುತ್ತವೆ. ಹೋಗಲೇಬೇಕು, ಮಕ್ಕಳಿಗೆ ಈ ಮರಗಳ ಪರಿಚಯವಾಗಬೇಕು. ಗಾಡಿಯನ್ನು ಇದ್ದ ದಾರಿಯಲ್ಲೇ ನಿಲ್ಲಿಸಿ ನಡೆದು ಹೋಗಿ. ಒಲೆಯ ಕೆಂಡವನ್ನು ಮರದ ಬುಡಕ್ಕೆ ಸುರಿಯಬೇಡಿ. ಸಿದ್ರ್ ಹಣ್ಣು ಬೇಕಿದ್ದರೆ ಉದುರಿದ್ದನ್ನೇ ಆರಿಸಿ ತಿನ್ನಿ, ಬೀಜವನ್ನು ಅಲ್ಲೇ ಉಗುಳಿ ಬನ್ನಿ.