ಹಲ್ಲಿನ ಸೆಟ್ಟು ಸಡಿಲಾದರೆ

ನಾವು ಹಿರೇಕೆರೂರು ಕಡೆಯವರು. ಜೋಳದ ರೊಟ್ಟಿ ಇಲ್ಲದೆ ನಮಗೆ ಊಟವಿಲ್ಲ. ಹಲ್ಲು ಹೋದವರು ಸೆಟ್ಟು ಹಾಕಿಸಿಕೊಳ್ಳುತ್ತೇವೆ. ಮೊದಲು ಅದು ಚಲೋ ಕೂಡುತ್ತದೆ. ಬರಬರುತ್ತಾ ಸಡಿಲಾಗುತ್ತದೆ. ಯಾಕ? ಸೆಟ್ಟು ಹಿಗ್ಗಿಲ್ಲ. ಹಲ್ಲಿಲ್ಲದ ದವಡೆಯ ಎಲುಬು ಸವೆಯುತ್ತದೆ.

ರೊಟ್ಟಿ ಕಡಿಯುವಾಗ ಸೆಟ್ಟು ಅಲುಗಾಡಿದರೆ, ಮಾತಾಡುವಾಗ ಟಕಟಕ ಅಂದರೆ, ಬಿರುಕು ಬಿಟ್ಟರೆ ಹಲ್ಲಿನ ಡಾಕ್ಟರಿಗೆ ತೋರಿಸೋಣ. ಕೆಲವಕ್ಕೆ ಒಳಗೆ ಪದರ ಹಾಕಿದರೆ ಸಾಕು. 5-10 ವರ್ಷ ಆಗಿದ್ದರೆ ಹೊಸದೇ ಬೇಕಾದೀತು. ಮನೆಯಲ್ಲಿ ಅರದಿಂದ ಉಜ್ಜಬಾರದು, ಅಂಟು ಹಚ್ಚಬಾರದು.

"ವಯಸ್ಸಾತು, ನನಗ್ಯಾಕ ಹೊಸ ಹಲ್ಲು?" ಅಂತ ನಮ್ಮ ಅವ್ವಂದಿರು ನೋವು ನುಂಗುತ್ತಾರೆ. ಸೆಟ್ಟು ತಿಕ್ಕಿ ಹುಣ್ಣಾದರೆ ಸುಮ್ಮನಿರಬ್ಯಾಡ್ರಿ. 2 ವಾರದಲ್ಲಿ ಮಾಯದ ಹುಣ್ಣು ಕ್ಯಾನ್ಸರ್ ಇದ್ದರೂ ಇರಬಹುದು. ತಂಬಾಕು, ಎಲೆ-ಅಡಿಕೆ ತಿನ್ನುವವರಿಗೆ ಈ ಅಂಜಿಕೆ ಹೆಚ್ಚು.

ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಸೆಟ್ಟು ಕೊಡಲು ಸರಕಾರ ದಂತಭಾಗ್ಯ ಯೋಜನೆ ತಂದಿದೆ. ಕಾರ್ಡು ಹಿಡಿದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸೋಣ.