ಅರಸದೆ ದೊರೆತದ್ದು

ಮನುಷ್ಯರಿಗಿರುವಂತೆ ಮಾತುಗಳಿಗೂ ಹುಟ್ಟೂರು ಉಂಟು. ಆದರೆ ಹುಟ್ಟಿದ ದಿನ ತಿಳಿದಿರುವ ಮಾತುಗಳು ವಿರಳ. ಇಂಗ್ಲಿಷಿನ 'ಸೆರೆಂಡಿಪಿಟಿ' ಅಂತಹ ವಿರಳ ಪದಗಳಲ್ಲೊಂದು. ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್ಪೋಲ್ 1754ರ ಜನವರಿ 28ರಂದು ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಇದನ್ನು ಸೃಷ್ಟಿಸಿ ಬಳಸಿದನು.

ಸೆರೆಂಡಿಪ್ ಎಂಬುದು ಶ್ರೀಲಂಕೆಗಿದ್ದ ಹಳೆಯ ಹೆಸರು. ಆ ದೇಶದ ಮೂವರು ರಾಜಕುಮಾರರ ಕಥೆಯನ್ನು ವಾಲ್ಪೋಲ್ ಓದಿದ್ದನು. ಅವರು ತಾವು ಅರಸದ ಸಂಗತಿಗಳನ್ನು ಆಕಸ್ಮಿಕದಿಂದಲೂ ಜಾಣ್ಮೆಯಿಂದಲೂ ಕಂಡುಕೊಳ್ಳುತ್ತಿದ್ದರು. ಒಮ್ಮೆ, ದಾರಿಯ ಒಂದು ಬದಿಯಲ್ಲಿ ಒಳ್ಳೆಯ ಹುಲ್ಲಿದ್ದರೂ ಇನ್ನೊಂದು ಬದಿಯ ಕಳಪೆ ಹುಲ್ಲಷ್ಟೇ ಮೇಯಲ್ಪಟ್ಟಿದ್ದುದನ್ನು ಕಂಡು, ಮುಂದೆ ಹೋದ ಒಂಟೆಗೆ ಒಂದು ಕಣ್ಣು ಕುರುಡೆಂದು ಅವರು ಊಹಿಸಿದರು.

ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಒಂದೇ ಪದವು ರೂಢಿಯಲ್ಲಿಲ್ಲ. 'ಅರಸುವ ಬಳ್ಳಿ ಕಾಲಿಗೆ ತೊಡರಿದಂತೆ' ಎಂಬ ಗಾದೆ ಹತ್ತಿರ ಬರುತ್ತದೆ. ಆದರೆ ಅಲ್ಲಿ ದೊರೆತದ್ದು ಅರಸಿದ ಬಳ್ಳಿಯೇ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆನ್ನುವ 'ಕಾಕತಾಳೀಯ'ದಲ್ಲಿ ಆಕಸ್ಮಿಕವುಂಟು, ಜಾಣ್ಮೆಯಿಲ್ಲ. ಇನ್ನುಳಿದದ್ದು ಘುಣಾಕ್ಷರ ನ್ಯಾಯ. ಹುಳುವು ಮರವನ್ನು ಕೊರೆಯುತ್ತಿರುವಾಗ ಅಕ್ಷರದಂತಹ ಗೆರೆ ತಾನಾಗಿ ಮೂಡುತ್ತದೆ. ಅದು ಅಕ್ಷರವೆಂದು ಹುಳುವಿಗೆ ತಿಳಿಯದು. ಓದಬಲ್ಲವನೊಬ್ಬನು ಅದನ್ನು ಕಂಡು ಗುರುತಿಸಿದರೆ, ಅದೇ ಸೆರೆಂಡಿಪಿಟಿ.

ವಿಜ್ಞಾನದಲ್ಲಿ ಇದಕ್ಕೆ ನಿದರ್ಶನಗಳಿವೆ. 1856ರಲ್ಲಿ ಲಂಡನ್ನಿನ 18 ವರ್ಷದ ವಿದ್ಯಾರ್ಥಿ ವಿಲಿಯಂ ಪರ್ಕಿನ್, ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಮನೆಯ ಪ್ರಯೋಗಶಾಲೆಯಲ್ಲಿ ಯತ್ನಿಸಿದನು. ಕ್ವಿನೈನ್ ದೊರೆಯಲಿಲ್ಲ, ಪಾತ್ರೆಯ ತಳದಲ್ಲಿ ಕಪ್ಪು ಮಡ್ಡಿ ಉಳಿಯಿತು. ಆಲ್ಕೋಹಾಲಿನಲ್ಲಿ ಕರಗಿಸಿದಾಗ ಅದರಿಂದ ಸೊಗಸಾದ ನೇರಳೆ ಬಣ್ಣ ಹೊಮ್ಮಿತು. ಅವನು ಅದನ್ನು ಚೆಲ್ಲಲಿಲ್ಲ. ರೇಷ್ಮೆಗೆ ಹಚ್ಚಿ ಪರೀಕ್ಷಿಸಿದನು. ಒಗೆದರೂ ಬೆಳಕಿಗೆ ಹಿಡಿದರೂ ಬಣ್ಣ ನಿಂತಿತು. 'ಮಾವ್' ಎಂದು ಹೆಸರಾದ ಆ ಬಣ್ಣದಿಂದ ಕೃತಕ ವರ್ಣಗಳ ಮಹೋದ್ಯಮವೇ ಬೆಳೆಯಿತು.

ಇಂದು ಈ ಪದವನ್ನು ಯಾವುದೇ ಅದೃಷ್ಟಕ್ಕೂ ಅನ್ವಯಿಸುವುದುಂಟು. ಬೀದಿಯಲ್ಲಿ ನಾಣ್ಯ ಸಿಕ್ಕಿದರೆ ಅದು ಅದೃಷ್ಟ. ಆ ನಾಣ್ಯದ ಮೇಲಿನ ಸವೆದ ಬರಹದಿಂದ ಮರೆತುಹೋದ ಅರಸನೊಬ್ಬನನ್ನು ಗುರುತಿಸಿದರೆ ಅದು ಸೆರೆಂಡಿಪಿಟಿ. ಈ ಭೇದವನ್ನು ಮರೆತರೆ ಪದದ ಅರ್ಧ ಅರ್ಥ ನಷ್ಟವಾಗುತ್ತದೆ. ಪರ್ಕಿನ್ನನ ಶ್ರಮಕ್ಕೂ ಲಾಟರಿಯ ಬಹುಮಾನಕ್ಕೂ ಒಂದೇ ಹೆಸರಾಗುತ್ತದೆ. ಆಕಸ್ಮಿಕವನ್ನು ಬರಮಾಡಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಬಂದಾಗ ಅದನ್ನು ಓದಬಲ್ಲ ಕಣ್ಣನ್ನು ವಿದ್ಯೆಯಿಂದ ಪಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ.